ಕೆಂಪು ನೆಲದಲ್ಲಿ ಸಣ್ಣ ಸುರುಳಿ

ಪಾಳುಬಿದ್ದ ಗುಡಿ, ಕುಸಿದ ಕೋಟೆಗೋಡೆ, ಊರಾಚೆಯ ಹಳೆಯ ಹುಡೇವು ಇದ್ದಲ್ಲೆಲ್ಲ ಗುಪ್ತನಿಧಿಯ ಕಥೆಯೊಂದು ಇದ್ದೇ ಇರುತ್ತದೆ. ಬೀದರ್ ತಾಲ್ಲೂಕಿನ ಮನ್ನಳ್ಳಿಯಿಂದ ಹಿಡಿದು ಅತ್ತ ಭಾಲ್ಕಿ, ಔರಾದಗಳವರೆಗೆ ಬಹಮನಿ ಸುಲ್ತಾನರು ಆಳಿದ ಸೀಮೆ. ಇಲ್ಲಿ ಕಥೆಗಳಿಗೆ ಬರ ಎಲ್ಲಿಯದು? ಹಿಂದೆ ಇಂಥ ಕಥೆಗಳಲ್ಲಿ ಅಮಾವಾಸ್ಯೆ, ನಿಂಬೆಹಣ್ಣು, ಅಂಜನ ಬರುತ್ತಿದ್ದವು. ಈಗ ಅವುಗಳ ಜೊತೆಗೆ ಕೋಲಿನ ತುದಿಗೆ ತಟ್ಟೆಯಂಥದೊಂದನ್ನು ಸಿಕ್ಕಿಸಿದ ಯಂತ್ರವೂ ಸೇರಿದೆ. ಅದೇ ಲೋಹಶೋಧಕ, ಅಂದರೆ ಮೆಟಲ್ ಡಿಟೆಕ್ಟರ್.

ಹೈಸ್ಕೂಲಿನ ಹುಡುಗನೊಬ್ಬ ಇಂಥದೊಂದು ಬೇಕೆಂದು ಮನೆಯಲ್ಲಿ ಹಟ ಹಿಡಿದನೆನ್ನಿ. ತಂದೆ ವಿಚಾರಿಸಲು ಹೋದರೆ ಯಂತ್ರದ ಬೆಲೆಯ ಜೊತೆಗೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ: 'ಯಂತ್ರದ ಜೊತೆ ಬರುವ ಸುರುಳಿ ದೊಡ್ಡದು, ಅದಕ್ಕೆ ಸಣ್ಣ ಚಿನ್ನ ಕೇಳಿಸುವುದಿಲ್ಲ. ಬೇರೆ ಕಂಪನಿಯ ಸಣ್ಣ ಸುರುಳಿಯೊಂದನ್ನು ಕೊಂಡರೆ ಚಿನ್ನ ಸಿಕ್ಕಂತೆಯೇ.' ಈ ಮಾತಿನಲ್ಲಿ ಅರ್ಧ ನಿಜ. ಆ ಅರ್ಧದಲ್ಲಿ ಪಿಯುಸಿ ಭೌತವಿಜ್ಞಾನದ ಒಂದು ಸೊಗಸಾದ ಪಾಠವಿದೆ. ಮನೆಯ ಹಣ ಹೋಗುವುದು ಇನ್ನರ್ಧದಲ್ಲಿ.

ಮೊದಲು ಪಾಠ. ತಟ್ಟೆಯೊಳಗಿರುವುದು ತಾಮ್ರದ ತಂತಿಯ ಸುರುಳಿ. ಅದರಲ್ಲಿ ಬದಲಾಗುತ್ತಲೇ ಇರುವ ವಿದ್ಯುತ್ ಹರಿದಾಗ ಕೆಳಗಿನ ನೆಲದಲ್ಲಿ ಬದಲಾಗುತ್ತಿರುವ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರದಲ್ಲಿ ಲೋಹದ ತುಂಡಿದ್ದರೆ ಅದರೊಳಗೆ ಸಣ್ಣ ಸುಳಿಪ್ರವಾಹಗಳು ಏಳುತ್ತವೆ. ಅವು ಹುಟ್ಟಿಸುವ ಮರುಕ್ಷೇತ್ರವನ್ನು ಯಂತ್ರ ಗುರುತಿಸಿ ಶಬ್ದ ಮಾಡುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ತಳಹದಿ.

ಇಂಥ ಉಪಕರಣ ಜಗತ್ತಿನ ಗಮನಕ್ಕೆ ಬಂದದ್ದು ಒಂದು ದುರಂತದ ನಡುವೆ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಗುಂಡೇಟು ತಿಂದು ಮಲಗಿದ್ದಾಗ, ದೇಹದಲ್ಲಿ ಹುದುಗಿದ್ದ ಗುಂಡನ್ನು ಪತ್ತೆ ಹಚ್ಚಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಉಪಕರಣದೊಂದಿಗೆ ಹೋದ. ಹಾಸಿಗೆಯೊಳಗಿದ್ದ ಉಕ್ಕಿನ ತಂತಿಗಳು ಉಪಕರಣವನ್ನು ಗೊಂದಲಗೊಳಿಸಿದವು. ಸಾಲದ್ದಕ್ಕೆ ವೈದ್ಯರು ದೇಹದ ಬಲಭಾಗವನ್ನಷ್ಟೇ ಪರೀಕ್ಷಿಸಲು ಬಿಟ್ಟರು. ಗುಂಡು ಸಿಗಲಿಲ್ಲ, ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ತೀರಿಕೊಂಡ. ಆ ಹಾಸಿಗೆಯನ್ನು ನೆನಪಿನಲ್ಲಿಡಿ, ಬೀದರಿನ ನೆಲಕ್ಕೆ ಬಂದಾಗ ಅದು ಬೇಕಾಗುತ್ತದೆ.

ಈಗ ಸುರುಳಿಯ ಅಳತೆ. 12 ಇಂಚು ವ್ಯಾಸದ್ದೊಂದು, 6 ಇಂಚಿನದೊಂದು ಎರಡು ಸುರುಳಿಗಳಿವೆ. ಸುತ್ತುಗಳೂ ಹರಿಯುವ ವಿದ್ಯುತ್ತೂ ಒಂದೇ ಎಂದಿಟ್ಟುಕೊಳ್ಳಿ. ಸುರುಳಿಯ ನಟ್ಟನಡುವೆ ಸಣ್ಣದರ ಕ್ಷೇತ್ರ ದೊಡ್ಡದರ ಎರಡರಷ್ಟು. ಆದರೆ ಆಳಕ್ಕೆ ಇಳಿದಂತೆ ಸಣ್ಣದರ ಶಕ್ತಿ ಬೇಗ ಕುಸಿಯುತ್ತದೆ. ಹೋಗುವಾಗ ಆದ ನಷ್ಟವೇ ಮರಳಿ ಬರುವಾಗಲೂ ಆಗುವುದರಿಂದ ಸಂಕೇತದಲ್ಲಿ ವ್ಯತ್ಯಾಸದ ವರ್ಗವೇ ಕಾಣುತ್ತದೆ. ವೃತ್ತಾಕಾರದ ಸುರುಳಿಯ ಅಕ್ಷದ ಮೇಲಿನ ಕ್ಷೇತ್ರದ ಸೂತ್ರ ಪಠ್ಯಪುಸ್ತಕದಲ್ಲೇ ಇದೆ, ಲೆಕ್ಕ ಹಾಕಿ ನೋಡಬಹುದು. ಒಂದು ಇಂಚು ಆಳದ ಚೂರಿಗೆ ಸಣ್ಣ ಸುರುಳಿಯ ಸಂಕೇತ ಮೂರು ಪಟ್ಟು ಹೆಚ್ಚು. ಸುಮಾರು ಮೂರು ಇಂಚಿನಲ್ಲಿ ಎರಡೂ ಸರಿಸಮ. ಒಂದು ಅಡಿ ಆಳದಲ್ಲಿ ದೊಡ್ಡದೇ ಸುಮಾರು ಹತ್ತು ಪಟ್ಟು ಮುಂದೆ.

ಹಾಗಾದರೆ ಸಣ್ಣ ಸುರುಳಿ ಯಾಕೆ ಬೇಕು? ಉತ್ತರ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿನ ವಿಕ್ಟೋರಿಯಾ ಪ್ರಾಂತದಲ್ಲಿ 1980ರಲ್ಲಿ ಲೋಹಶೋಧಕದಿಂದಲೇ 27 ಕಿಲೋ ತೂಕದ ಚಿನ್ನದ ಗಟ್ಟಿಯೊಂದು ಸಿಕ್ಕಿತು. 'ಹ್ಯಾಂಡ್ ಆಫ್ ಫೇತ್' ಎಂದು ಅದಕ್ಕೆ ಹೆಸರು. ಅಂಥ ಸುದ್ದಿ ಹಬ್ಬಿದ ಮೇಲೆ ಕೇಳಬೇಕೆ, ಗೊತ್ತಿದ್ದ ಚಿನ್ನದ ನೆಲಗಳನ್ನೆಲ್ಲ ಜನ ಮತ್ತೆ ಮತ್ತೆ ಜಾಲಾಡಿದರು. ದೊಡ್ಡವು ಹೋದವು. ಉಳಿದದ್ದು ಕಾಳಿನಂಥ ಚೂರುಗಳು, ಅವೂ ಕಲ್ಲುಸಂದಿಗಳಲ್ಲಿ, ಪೊದೆಯ ಬುಡಗಳಲ್ಲಿ. ನಮ್ಮಲ್ಲಿ ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲು ಆಯುವುದಿಲ್ಲವೇ, ಹಾಗೆ. ಹಕ್ಕಲು ಆಯುವವರಿಗೆ ಕುಂಟೆ ಬೇಡ, ಕುರ್ಚಿಗೆ ಸಾಕು. ಯಂತ್ರ ತಯಾರಿಸುವ ಕಂಪನಿಗಳಲ್ಲದೆ ಕಾಯಿಲ್‌ಟೆಕ್‌ನಂಥ ಬೇರೆ ಕಂಪನಿಗಳೂ ಸಣ್ಣ ಸುರುಳಿಗಳನ್ನು ಮಾರುವುದು ಇಂಥ ಆಯುವವರಿಗಾಗಿ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸಣ್ಣ ಸುರುಳಿಗೆ ಒಂದು ಸಲಕ್ಕೆ ಕಾಣುವ ಮಣ್ಣು ಕಡಿಮೆ. 6 ಇಂಚಿನ ತಟ್ಟೆಯ ವಿಸ್ತೀರ್ಣ 12 ಇಂಚಿನದರ ಕಾಲುಭಾಗ ಮಾತ್ರ. ನೆಲದಲ್ಲಿ ಕಬ್ಬಿಣಾಂಶ ಹೆಚ್ಚಿದ್ದರೆ ಮಣ್ಣೇ ಯಂತ್ರಕ್ಕೆ ಕೂಗು ಹಾಕುತ್ತದೆ. ಕಾಣುವ ಮಣ್ಣು ಕಡಿಮೆಯಾದಷ್ಟೂ ಆ ಗದ್ದಲ ಕಡಿಮೆ. ಸಂತೆಯ ನಡುವೆ ಪಿಸುಮಾತು ಕೇಳಲು ಕಿವಿಯನ್ನು ಬಾಯಿಯ ಹತ್ತಿರ ಒಯ್ದಂತೆ.

ಆದರೆ ಸುರುಳಿ ಬದಲಿಸುವುದು ಬಲ್ಬ್ ಬದಲಿಸಿದಂತಲ್ಲ. ಯಂತ್ರದ ವಿದ್ಯುನ್ಮಂಡಲ ಇಂತಿಷ್ಟೇ ಪ್ರೇರಕತೆಯ, ಅಂದರೆ ಇಂಡಕ್ಟೆನ್ಸಿನ ಸುರುಳಿಯನ್ನು ನಿರೀಕ್ಷಿಸುತ್ತದೆ. ವ್ಯಾಸ ಅರ್ಧವಾದರೆ ಅದೇ ಪ್ರೇರಕತೆಗೆ ಹೆಚ್ಚುಕಡಿಮೆ 1.4 ಪಟ್ಟು ಸುತ್ತು ಬೇಕು. 20 ಸುತ್ತು ಇದ್ದದ್ದು 28 ಆಗಬೇಕು. (ಹಾಗೆ ಸುತ್ತು ಹೆಚ್ಚಿಸಿದರೆ ಸಮಬಲದ ಆಳವೂ ಮೂರು ಇಂಚಿನಿಂದ ನಾಲ್ಕೂಕಾಲಿಗೆ ಇಳಿಯುತ್ತದೆ, ಲೆಕ್ಕದ ಹುಚ್ಚಿರುವವರು ಪರೀಕ್ಷಿಸಿ ನೋಡಲಿ.) ಪ್ಲಗ್ಗಿನ ಪಿನ್ನುಗಳು ಹೊಂದಿದ ಮಾತ್ರಕ್ಕೆ ಸುರುಳಿ ಹೊಂದಿತು ಎಂದುಕೊಳ್ಳುವಂತಿಲ್ಲ. ಒಂದು ಮಾದರಿಯ ಸುರುಳಿ ಅದೇ ಕಂಪನಿಯ ಇನ್ನೊಂದು ಮಾದರಿಗೆ ಆಗದಿರಬಹುದು. ಕೆಲವು ಹೊಸ ಯಂತ್ರಗಳಂತೂ ಸುರುಳಿಯೊಳಗಿನ ಗುರುತಿನ ಚಿಪ್ ನೋಡದೆ ಕೆಲಸವನ್ನೇ ಮಾಡುವುದಿಲ್ಲ.

ಯಂತ್ರದ ಕಂಪನಾಂಕವೂ ಅಷ್ಟೇ ಮುಖ್ಯ. ಸಣ್ಣ ಚೂರಿನಲ್ಲಿ ಸುಳಿಪ್ರವಾಹ ಕಣ್ಣು ಮಿಟುಕಿಸುವುದರೊಳಗೆ ಸತ್ತುಹೋಗುತ್ತದೆ. ಅದನ್ನು ಹಿಡಿಯಲು ಹೆಚ್ಚಿನ ಕಂಪನಾಂಕ ಬೇಕು. ಅದಕ್ಕೇ ಫಿಶರ್ ಕಂಪನಿಯ ಗೋಲ್ಡ್ ಬಗ್-2 ಸೆಕೆಂಡಿಗೆ 71,000 ಕಂಪನಗಳಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ಆರೂವರೆ ಇಂಚಿನ ಸುರುಳಿಯುಂಟು. ನಾಣ್ಯ ಹುಡುಕಲೆಂದು ಮಾಡಿದ ಕಡಿಮೆ ಕಂಪನಾಂಕದ ಯಂತ್ರಕ್ಕೆ ಸಣ್ಣ ಸುರುಳಿ ಸಿಕ್ಕಿಸಿದರೆ ಖರ್ಚು ಹೆಚ್ಚುತ್ತದೆ, ಗುಣ ಅಷ್ಟಾಗಿ ಹೆಚ್ಚುವುದಿಲ್ಲ. ತಟ್ಟೆ ಚಿಕ್ಕದಾದ್ದರಿಂದ ಅದೇ ನೆಲಕ್ಕೆ ಎರಡು ಪಟ್ಟು ಓಡಾಡಬೇಕಾಗುತ್ತದೆ, ಅದು ಬೇರೆ.

ಇನ್ನು ಬೀದರಿನ ನೆಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ದಖ್ಖನ್ನಿನ ಕರಿಗಲ್ಲಾಯಿತು. ಮಳೆ ಬಿಸಿಲುಗಳಿಗೆ ಸಿಕ್ಕಿ ಅದರ ಸಿಲಿಕಾ ಕೊಚ್ಚಿಹೋಗಿ, ಕಬ್ಬಿಣ ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಪ್ರಸ್ಥಭೂಮಿಯ ಮೇಲಿನ ಕೆಂಪು ಜಂಬಿಟ್ಟಿಗೆಯಾಯಿತು. ಬೀದರ್ ಕೋಟೆ ಕಟ್ಟಿದ್ದು ಈ ಕಲ್ಲಿನಿಂದ, ಅದರ ಕಂದಕ ಕಡಿದದ್ದು ಈ ಕಲ್ಲಿನಲ್ಲಿ. ಬಿದರಿ ಕುಶಲಕರ್ಮಿಗಳು ಸತು-ತಾಮ್ರದ ಪಾತ್ರೆಗೆ ಆ ಕಡುಗಪ್ಪು ಬಣ್ಣ ತರಿಸಲು ಕೋಟೆಯ ಮಣ್ಣನ್ನೇ ಬಳಸುತ್ತಾರೆ. ಅವರಿಗೆ ವರವಾದ ಮಣ್ಣು ಲೋಹಶೋಧಕಕ್ಕೆ ಶಾಪ: ಗ್ರಹಾಂ ಬೆಲ್‌ನನ್ನು ಕಂಗೆಡಿಸಿದ ಉಕ್ಕಿನ ತಂತಿಯ ಹಾಸಿಗೆಯನ್ನು ಮೈಲಿಗಟ್ಟಲೆ ಹಾಸಿದಂತೆ. ಇಂಥಲ್ಲಿ ಸಣ್ಣ ಸುರುಳಿ, ಅದರಲ್ಲೂ ಎರಡು ಸುರುಳಿಗಳು ಒಂದರ ಮೇಲೊಂದು ಸ್ವಲ್ಪ ಹಾಯ್ದಿರುವ 'ಡಬಲ್ ಡಿ' ಜಾತಿಯದು, ಖಂಡಿತ ವಾಸಿ.

ವಾಸಿ, ಆದರೆ ಯಾವುದನ್ನು ಹುಡುಕಲು? ಈ ಲಾವಾ ಕಲ್ಲು ಚಿನ್ನದ ಕಲ್ಲಲ್ಲ. ಕರ್ನಾಟಕದ ಚಿನ್ನ ಇರುವುದು ಇನ್ನೂ ಎಷ್ಟೋ ಪಟ್ಟು ಪುರಾತನವಾದ ಧಾರವಾಡ ಶಿಲೆಗಳಲ್ಲಿ, ರಾಯಚೂರು ಜಿಲ್ಲೆಯ ಹಟ್ಟಿಯಂಥ ಕಡೆ. ಅಲ್ಲೂ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ, ಬಹುಪಾಲು ಕಣ್ಣಿಗೂ ಕಾಣದ ಕಣಗಳಾಗಿ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಗಿತ್ತು. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ಆಯುತ್ತಿದ್ದ ಜಾಲಗಾರರ ಮರಿಗೆಯಲ್ಲಿ ಉಳಿಯುತ್ತಿದ್ದದ್ದು ಧೂಳು. ಧೂಳಿನ ಕಣ ಯಾವ ಸುರುಳಿಗೂ ಕೇಳಿಸದು. ಆಸ್ಟ್ರೇಲಿಯಾದ ಹಕ್ಕಲಿನ ಉಪಕರಣ ನಮ್ಮ ನೆಲಕ್ಕೆ ಬಂದು ಮೂಕವಾಗುವುದು ಹೀಗೆ.

ಮೂಕವಾಗದೆ ಕೂಗಿತೆಂದರೆ ಅದು ಬಹುಮಟ್ಟಿಗೆ ನೇಗಿಲ ಕುಳ, ಲಾಳದ ಮೊಳೆ. ಅಪರೂಪಕ್ಕೆ ಹಳೆಯ ನಾಣ್ಯ. ನಾಣ್ಯವಾದರೆ ಪ್ರಶ್ನೆ ಭೌತವಿಜ್ಞಾನದಿಂದ ಕಾನೂನಿಗೆ ಹೋಗುತ್ತದೆ. ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗೂ ಮೇಲ್ಪಟ್ಟ ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳಿತು; ಮುಚ್ಚಿಟ್ಟವರಿಗೆ ಸೆರೆವಾಸದ ಶಿಕ್ಷೆಯನ್ನೂ ಇಟ್ಟಿತು. ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಕೋಟೆ, ಅಷ್ಟೂರಿನ ಗೋರಿಗಳಂಥ ಸಂರಕ್ಷಿತ ಜಾಗಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದೇ ಅಪರಾಧ. ಮಗ ಕೇಳಿದ ಆಟಿಕೆ ಪೊಲೀಸ್ ಠಾಣೆಯವರೆಗೂ ಕರೆದೊಯ್ಯಬಲ್ಲದು ಎಂಬುದನ್ನು ತಂದೆತಾಯಿ ತಿಳಿದಿರುವುದು ಒಳ್ಳೆಯದು.

ಇದೇ ಹಳೆಯ ನಿಜಾಮ್ ಸೀಮೆಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಯ ಮೇಲೆ ಬರಹ ಕಂಡ. ಅದು 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೊತ್ತ ಶಾಸನ. ದೇಶದ ಉದ್ದಗಲಕ್ಕೂ ಇದ್ದ ಶಾಸನಗಳ ಒಡೆಯ ಯಾರು ಎಂಬ ವಿದ್ವಾಂಸರ ಚರ್ಚೆಗೆ ಆ ಬಂಡೆ ಉತ್ತರ ಕೊಟ್ಟಿತು. ಅದು ಇಂದಿಗೂ ಅಲ್ಲೇ ಇದೆ.

ಸುರುಳಿಯ ಆಸೆ ಇನ್ನೂ ಹೋಗದ ವಿದ್ಯಾರ್ಥಿಗೆ ವಿಜ್ಞಾನ ಪ್ರದರ್ಶನವಿದೆ. ಎರಡು ಆಂದೋಲಕಗಳ ಕಂಪನಾಂಕಗಳ ವ್ಯತ್ಯಾಸವನ್ನು ಕಿವಿಗೆ ಕೇಳಿಸುವ ಸರಳ ಮಂಡಲವನ್ನು ಶಾಲೆಯ ಶಿಕ್ಷಕರ ನೆರವಿನಿಂದ ಜೋಡಿಸಬಹುದು. ಎನಾಮೆಲ್ ತಾಮ್ರದ ತಂತಿಯಲ್ಲಿ 12 ಇಂಚಿಗೆ 20 ಸುತ್ತು, 6 ಇಂಚಿಗೆ 28 ಸುತ್ತು ಸುತ್ತಿ. ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹೊಲದ ಕರಿ ಎರೆ, ಇನ್ನೊಂದರಲ್ಲಿ ಕೆಂಪು ಮಣ್ಣು, ಮೂರನೆಯದರಲ್ಲಿ ತೊಳೆದ ಮರಳು ತುಂಬಿ. ಐದು ರೂಪಾಯಿಯ ನಾಣ್ಯವನ್ನು ಅರ್ಧರ್ಧ ಇಂಚು ಕೆಳಗಿಳಿಸುತ್ತ, ಶಬ್ದ ಎಲ್ಲಿ ನಿಂತಿತೆಂದು ಬರೆದುಕೊಳ್ಳಿ. ಆಮೇಲೆ ನಾಣ್ಯವನ್ನು ತೆಗೆದು ಬರೀ ಮಣ್ಣಿನ ಮೇಲೆಯೇ ಎರಡೂ ಸುರುಳಿಗಳನ್ನು ಆಡಿಸಿ ನೋಡಿ.