ಬಂಡೆಯನ್ನಪ್ಪಿದ ಬೇರು

ಮಧುಗಿರಿ, ಪಾವಗಡ, ಕೊರಟಗೆರೆ, ಶಿರಾ ಸೀಮೆಯಲ್ಲಿ ಓಡಾಡಿದವರಿಗೆ ಬಂಡೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಕ್ಯಾತಗಾನಚೆರ್ಲುವಿನಂಥ ಊರುಗಳಲ್ಲಿ ಹೊಲದ ಬದುವೂ ಕಲ್ಲು, ಮನೆಯ ಗೋಡೆಯೂ ಕಲ್ಲು, ದಿಗಂತದಲ್ಲಿ ಕಾಣುವುದೂ ಕಲ್ಲು. ಮಳೆ ಕಡಿಮೆ, ಬಿಸಿಲು ಧಾರಾಳ. ಇಂಥ ಕಡೆ ಬರಿ ಬಂಡೆಯ ನೆತ್ತಿಯ ಮೇಲೆ, ಒಂದು ಹಿಡಿ ಮಣ್ಣೂ ಇಲ್ಲದ ಜಾಗದಲ್ಲಿ, ಆಳೆತ್ತರದ ಮರವೊಂದು ಎಳೆಗೆಂಪು ಚಿಗುರು ಬಿಟ್ಟುಕೊಂಡು ನಿಂತಿರುವುದನ್ನು ನೀವು ನೋಡಿರಬಹುದು. ಬುಡದಿಂದ ಹೊರಟ ಬೇರುಗಳು, ಯಾರೋ ಮೇಲಿನಿಂದ ಗಟ್ಟಿ ಮಜ್ಜಿಗೆ ಸುರಿದಂತೆ, ಬಂಡೆಯ ಮೈಮೇಲೆ ಬೆಳ್ಳಗೆ ಹರಿದು ಇಳಿದಿರುತ್ತವೆ. ಎಲೆ ನೋಡಿದರೆ ಅರಳಿಯದೇ; ಆದರೆ ಅರಳಿ ಎಲೆಗಿರುವ ಆ ಉದ್ದನೆಯ ಬಾಲ ಇದಕ್ಕಿಲ್ಲ. ಇದು ಕಲ್ಲರಳಿ. ಸಸ್ಯಶಾಸ್ತ್ರದವರ ಪುಸ್ತಕದಲ್ಲಿ ಫೈಕಸ್ ಅರ್ನೋಟಿಯಾನ. ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ಅರ್ನಾಟ್‌ನ ಹೆಸರು ಅವರಿಟ್ಟದ್ದು; ನಮ್ಮವರು ಮರ ಎಲ್ಲಿ ನಿಂತಿದೆಯೆಂದು ನೋಡಿ ಹೆಸರಿಟ್ಟರು. ಯಾವುದು ಹೆಚ್ಚು ಉಪಯುಕ್ತ ಎಂಬುದನ್ನು ಓದುಗರೇ ನಿರ್ಧರಿಸಬಹುದು.

ಕುಂಡದಲ್ಲಿ ಕುಬ್ಜ ಮರ ಬೆಳೆಸುವ ಬೋನ್ಸಾಯ್ ಕಲೆಯಲ್ಲಿ ಕಲ್ಲನ್ನು ತಬ್ಬಿದ ಬೇರಿನದೇ ಒಂದು ಪ್ರತ್ಯೇಕ ಶೈಲಿಯುಂಟು. ಜಪಾನೀಯರು ಅದನ್ನು ಸೆಕಿಜೋಜು ಎನ್ನುತ್ತಾರೆ. ನಮ್ಮ ನಗರಗಳ ಹವ್ಯಾಸಿಗಳು ಅದನ್ನು ಪರದೇಶದ ವಿದ್ಯೆಯೆಂದೇ ಭಾವಿಸಿ ಕಲಿಯುತ್ತಾರೆ. ವಿದ್ಯೆ ಪರದೇಶದ್ದೇ, ಸಂಶಯವಿಲ್ಲ. ಆದರೆ ಅದರ ಮೂಲಪ್ರತಿ ನಮ್ಮ ಬೆಟ್ಟಗಳ ಮೇಲೆ ಬಿಸಿಲು ಕಾಯಿಸುತ್ತ ನಿಂತಿದೆ.

ಮೊದಲು ಬಂಡೆಯ ವಿಚಾರ. ಇಂದಿನ ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಕ್ಲೋಸ್‌ಪೇಟೆ. ಅಲ್ಲಿಂದ ತುಮಕೂರು ಜಿಲ್ಲೆಯನ್ನು ಹಾದು ಬಳ್ಳಾರಿಯ ದಿಕ್ಕಿಗೆ ಉದ್ದಕ್ಕೆ ಹಬ್ಬಿರುವ ಕಲ್ಲಿನ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಏಷ್ಯದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದು ಎಂದು ಊರಿನವರು ಹೆಮ್ಮೆಪಡುವ ಮಧುಗಿರಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರಕ್ಕೆ ಏರಿ ನಿಂತಿರುವುದು ಈ ಪಟ್ಟಿಯಲ್ಲೇ. ಏಕಶಿಲೆ ಎಂದ ಮಾತ್ರಕ್ಕೆ ಅದು ಬಿರುಕಿಲ್ಲದ ಕಲ್ಲು ಎಂದಲ್ಲ. ಹಗಲಿನ ಕಾವು, ರಾತ್ರಿಯ ತಂಪು, ಮೇಲಿನ ಭಾರ ಸವೆದು ಕಡಿಮೆಯಾದಾಗ ಕಲ್ಲು ಹಿಗ್ಗುವುದು, ಇವೆಲ್ಲ ಸೇರಿ ಬಂಡೆ ಈರುಳ್ಳಿಯಂತೆ ಪದರು ಪದರಾಗಿ ಏಳುತ್ತದೆ. ಆ ಪದರುಗಳ ಸಂದಿಯಲ್ಲಿ ಮಳೆಯ ನೀರು ಇಳಿದು ತಿಂಗಳುಗಟ್ಟಲೆ ನಿಲ್ಲುತ್ತದೆ. ಮೇಲೆ ಕಾಲಿಟ್ಟರೆ ಸುಡುವ ಬಂಡೆಯ ಒಳಗೆ ತಂಪಿರುತ್ತದೆ ಎಂಬುದು ನಮಗಿಂತ ಮೊದಲು ಕಲ್ಲರಳಿಗೆ ಗೊತ್ತು.

ಅಲ್ಲಿಗೆ ಅದು ತಲುಪುವುದು ಹೇಗೆ? ಆಲ, ಅರಳಿ, ಅತ್ತಿ, ಬಸರಿ, ಗೋಣಿ ಎಲ್ಲವೂ ಒಂದೇ ಕುಲದವು. ನಾವು ಹಣ್ಣು ಎನ್ನುವುದು ನಿಜಕ್ಕೂ ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ಅದರೊಳಗೆ ಹೊಕ್ಕು ಪರಾಗಸ್ಪರ್ಶ ಮಾಡುವುದು ಗುಂಡುಸೂಜಿಯ ತಲೆಯಷ್ಟು ಸಣ್ಣ ಕಣಜ. ಹಣ್ಣನ್ನು ಕುಟ್ರು ಹಕ್ಕಿ, ಗೊರವಂಕ, ಪಿಕಳಾರ, ಬಾವಲಿಗಳು ತಿಂದು, ಸಾಸಿವೆಗಿಂತ ಸಣ್ಣದಾದ ಬೀಜಗಳನ್ನು ಕುಳಿತಲ್ಲಿ ಉದುರಿಸಿ ಹೋಗುತ್ತವೆ. ಅವು ಕೂರುವುದು ಮರದ ಮೇಲೆ, ಬಂಡೆಯ ತುದಿಯಲ್ಲಿ, ಗೋಪುರದ ಕಳಶದ ಬುಡದಲ್ಲಿ. ಬೀಜ ಸಣ್ಣದಾದ್ದರಿಂದ ಕೂದಲೆಳೆಯಂಥ ಸಂದಿ ಸಾಕು. ಮೊಳೆತ ಸಸಿ ಎಲೆಗಳಿಗೆ ಅವಸರ ಮಾಡುವುದಿಲ್ಲ. ಮೇಲೆ ನಾಲ್ಕು ಎಲೆ ಇದ್ದಾಗಲೇ ಕೆಳಗೆ ಬೇರು ಮಾರುದ್ದ ಹೋಗಿರುತ್ತದೆ. ಮಣ್ಣು ಸಿಗುವತನಕ ಬೇರು ತೆಳ್ಳಗಿದ್ದು, ಸಿಕ್ಕಿದ ಮೇಲೆ ದಪ್ಪವಾಗಲು ಶುರು. ಒಂದಕ್ಕೊಂದು ತಾಗಿದ ಬೇರುಗಳು ಬೆಸೆದು ಒಂದಾಗುವ ಗುಣವೂ ಈ ಕುಲಕ್ಕಿದೆ. ಕಲ್ಲಿನ ಮೇಲೆ ಬಲೆ ಹೆಣೆದಂತೆ ಕಾಣುವುದು ಅದರಿಂದಲೇ.

ಈ ಗುಣವನ್ನು ಮನುಷ್ಯ ದುಡಿಸಿಕೊಂಡದ್ದಕ್ಕೆ ನಮ್ಮ ದೇಶದಲ್ಲೇ ಅತ್ಯುತ್ತಮ ಉದಾಹರಣೆ ಇದೆ. ಮೇಘಾಲಯದ ಖಾಸಿ ಮತ್ತು ಜೈಂತಿಯಾ ಜನ ಹಳ್ಳದ ಎರಡೂ ದಡದಲ್ಲಿ ರಬ್ಬರ್ ಅತ್ತಿಯ ಮರ ನೆಟ್ಟು, ಅದರ ಬೇರುಗಳನ್ನು ಟೊಳ್ಳು ಮಾಡಿದ ಅಡಿಕೆ ಕಾಂಡದೊಳಗೆ ಹಾಯಿಸಿ ಆಚೆ ದಡ ಮುಟ್ಟಿಸುತ್ತಾರೆ. ಸೇತುವೆ ನಡೆಯುವಷ್ಟು ಗಟ್ಟಿಯಾಗಲು ಹದಿನೈದಿಪ್ಪತ್ತು ವರ್ಷವಾದರೂ ಬೇಕು. ನೆಟ್ಟವನಿಗಿಂತ ಅವನ ಮಕ್ಕಳೇ ಹೆಚ್ಚು ದಾಟುತ್ತಾರೆ. ಬೋನ್ಸಾಯ್ ಮಾಡುವವನ ಕೆಲಸ ಇದರದೇ ಚಿಕ್ಕ ಆವೃತ್ತಿ.

ಬೋನ್ಸಾಯ್ ಎಂದರೆ ಜಪಾನಿ ಭಾಷೆಯಲ್ಲಿ ತಟ್ಟೆಯಲ್ಲಿ ನೆಟ್ಟದ್ದು ಎಂದಷ್ಟೇ ಅರ್ಥ. ಜಪಾನಿಗೆ ಅದು ಬಂದದ್ದು ಚೀನದಿಂದ. ಕ್ರಿ.ಶ. 706ರ ಹೊತ್ತಿಗೆ ಕಟ್ಟಿದ ಚೀನದ ರಾಜಕುಮಾರ ಝಾಂಗ್‌ಹುವಾಯ್‌ನ ಸಮಾಧಿಯ ಗೋಡೆಚಿತ್ರದಲ್ಲಿ ಪರಿಚಾರಕರು ಪುಟ್ಟ ಕಲ್ಲು, ಪುಟ್ಟ ಗಿಡ ಇಟ್ಟ ತಟ್ಟೆ ಹಿಡಿದು ನಿಂತಿದ್ದಾರೆ. ಗಮನಿಸಿ, ಆರಂಭದಲ್ಲೇ ಗಿಡದ ಜೊತೆ ಕಲ್ಲೂ ಇದೆ. ಚೀನೀಯರಿಗೆ ಬೇಕಾಗಿದ್ದದ್ದು ಒಂಟಿ ಮರವಲ್ಲ, ತಟ್ಟೆಯೊಳಗೊಂದು ಬೆಟ್ಟ. 1923ರ ಭೂಕಂಪದಲ್ಲಿ ಟೋಕಿಯೊ ಹಾಳಾದ ಮೇಲೆ ಅಲ್ಲಿನ ಬೋನ್ಸಾಯ್ ಕಸುಬಿನವರು ಓಮಿಯ ಎಂಬಲ್ಲಿಗೆ ಹೋಗಿ ಊರನ್ನೇ ಕಟ್ಟಿಕೊಂಡರು. 1989ರಲ್ಲಿ ಮೊದಲ ವಿಶ್ವ ಸಮಾವೇಶ ನಡೆದದ್ದು ಅಲ್ಲೇ. ನಮ್ಮಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬೋನ್ಸಾಯ್ ನೋಡಿರುತ್ತಾರೆ. ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟದಲ್ಲಿ ನೂರಾರು ಮರಗಳಿವೆ. ಜಪಾನಿನವರು ಕಲ್ಲಿಗೆ ಹಬ್ಬಿಸಲು ಹೆಚ್ಚಾಗಿ ಮೇಪಲ್ ಜಾತಿಯ ಮರ ಬಳಸುತ್ತಾರೆ. ನಮ್ಮ ಬಿಸಿಲಿಗೆ ಅದು ಬಾಳುವುದಿಲ್ಲ. ಅತ್ತಿ ಕುಲಕ್ಕೆ ಆ ತೊಂದರೆಯಿಲ್ಲ.

ಇನ್ನು ಕೆಲಸದ ವಿಚಾರ. ಅರಳಿಯನ್ನೇ ಬೇಕೆನ್ನುವವರುಂಟು, ಆದರೆ ಅದರ ಎಲೆ ದೊಡ್ಡದು, ತೊಟ್ಟು ಉದ್ದ, ಎಷ್ಟು ಸವರಿದರೂ ಕುಂಡದ ಅಳತೆಗೆ ಒಗ್ಗುವುದು ಕಷ್ಟ. ಕಲ್ಲರಳಿಗೂ ಸ್ವಲ್ಪ ಈ ದೋಷವಿದೆ, ಆದರೆ ಅದರ ಬೇರಿನ ಚೆಲುವು ಅದನ್ನು ಮರೆಸುತ್ತದೆ. ನರ್ಸರಿಗಳಲ್ಲಿ ಸಿಗುವ ಸಣ್ಣೆಲೆಯ ಫೈಕಸ್ ಮೈಕ್ರೊಕಾರ್ಪ ಹೊಸಬರಿಗೆ ಎಲ್ಲಕ್ಕಿಂತ ಸುಲಭ. ಕಲ್ಲು ಗಟ್ಟಿಯಾಗಿರಬೇಕು, ಒರಟಾಗಿರಬೇಕು, ಮೇಲಿನಿಂದ ಕೆಳಕ್ಕೆ ಇಳಿಯುವ ಕೊರಕಲುಗಳಿರಬೇಕು. ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲು ನೋಡಲು ಚೆಂದ, ಆದರೆ ಬೇರಿಗೆ ಹಿಡಿತ ಸಿಗುವುದಿಲ್ಲ. ನೀರಿಗೆ ಪುಡಿಯಾಗುವ ಕಲ್ಲೂ ಬೇಡ.

ಸಸಿಯನ್ನು ಮೊದಲು ಒಂದು ವರ್ಷ ಅಗಲವಿಲ್ಲದ, ಆಳವಿರುವ ಪಾತ್ರೆಯಲ್ಲಿ ಬೆಳೆಸಬೇಕು. ಒಂದು ಗೇಣು ಅಗಲದ, ಮೊಳದುದ್ದದ ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿ, ಮತ್ತೆ ತಂತಿಯಿಂದ ಬಿಗಿದು, ಮರಳು ಹೆಚ್ಚಾಗಿರುವ ಮಣ್ಣು ತುಂಬಿದರೆ ಸಾಕು. ಬೇರು ಪಕ್ಕಕ್ಕೆ ಹೋಗಲಾಗದೆ ಕೆಳಕ್ಕೆ ಉದ್ದವಾಗುತ್ತದೆ. ಮುಂದಿನ ಬೇಸಿಗೆ ಕೊನೆಗೆ, ರೋಹಿಣಿ ಮಳೆ ಬೀಳುವ ಹೊತ್ತಿಗೆ, ತಂತಿ ಬಿಚ್ಚಿ ಮಣ್ಣನ್ನು ನೀರಿನಲ್ಲಿ ತೊಳೆಯಿರಿ. ಕಲ್ಲಿಗೆ ಕೆರೆಗೋಡನ್ನು ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ ತೆಳ್ಳಗೆ ಬಳಿದು, ಗಿಡವನ್ನು ತಲೆಯ ಮೇಲೆ ಕೂರಿಸಿ, ಒಂದೊಂದೇ ಬೇರನ್ನು ಅದಕ್ಕೆ ತಕ್ಕ ಕೊರಕಲಿಗೆ ಇಳಿಸಬೇಕು. ತಲೆ ಬಾಚಿ ಜಡೆ ಹಾಕುವಷ್ಟು ತಾಳ್ಮೆ ಇದಕ್ಕೆ ಬೇಕು. ಬುಡ ಕಲ್ಲಿಗೆ ಕುದುರೆಯ ಮೇಲಿನ ಸವಾರನಂತೆ ಒತ್ತಿ ಕುಳಿತಿರಬೇಕು; ನಡುವೆ ಬೆಳಕು ಕಂಡರೆ ಮುಂದೆಂದೂ ಅದು ಸರಿಹೋಗುವುದಿಲ್ಲ. ಮೇಲೆ ಬಾಳೆನಾರು ಇಲ್ಲವೆ ಹತ್ತಿ ದಾರದಿಂದ ಸುತ್ತಿ ಕಟ್ಟಿ. ತಂತಿ ಬೇಡ, ಬೇರು ಉಬ್ಬಿದಾಗ ಅದು ಕೊಯ್ಯುತ್ತದೆ. ನಾರು ತಾನೇ ಕೊಳೆತುಹೋಗುತ್ತದೆ. ಕೊನೆಗೆ ಕಲ್ಲನ್ನೂ ಬೇರನ್ನೂ ಸೇರಿಸಿ ಕುತ್ತಿಗೆಯವರೆಗೆ ಆಳವಾದ ಕುಂಡದಲ್ಲಿ ಹೂಳಿಬಿಡುವುದು.

ಇಲ್ಲಿಂದ ಮುಂದೆ ಏನೂ ಮಾಡದಿರುವುದೇ ಕೆಲಸ. ಎರಡು ವರ್ಷ ಕತ್ತರಿ ಮುಟ್ಟದೆ, ಒಳ್ಳೆಯ ಬಿಸಿಲಿನಲ್ಲಿ ಗಿಡವನ್ನು ಬೇಕಾದಷ್ಟು ಎತ್ತರಕ್ಕೆ ಬಿಡಬೇಕು. ಮೇಲೆ ಎಲೆ ಹೆಚ್ಚಿದಷ್ಟೂ ಕೆಳಗೆ ಬೇರು ದಪ್ಪ. ಆಮೇಲೆ ಪ್ರತಿ ಋತುವಿಗೆ ಎರಡು ಬೆರಳಿನಷ್ಟು ಮಣ್ಣು ಮೇಲಿನಿಂದ ತೆಗೆಯುತ್ತ ಬರುವುದು. ಗಾಳಿ ಬೆಳಕಿಗೆ ಬಿದ್ದ ಬೇರು ತೊಗಟೆ ಕಟ್ಟಿಕೊಳ್ಳುತ್ತದೆ, ಇನ್ನೂ ಮಣ್ಣೊಳಗಿರುವ ತುದಿ ನೀರು ಹೀರುತ್ತ ಅದನ್ನು ಸಾಕುತ್ತದೆ. ನಾನು ಮೊದಲ ಸಲ ಮಾಡಿದ್ದನ್ನು ಆರೇ ತಿಂಗಳಲ್ಲಿ ಕುತೂಹಲ ತಡೆಯದೆ ಪೂರ್ತಿ ಬಿಚ್ಚಿ ನೋಡಿದೆ. ಬೇರುಗಳು ಶ್ಯಾವಿಗೆಯಂತೆ ಒಣಗಿ ಕಲ್ಲಿನಿಂದ ಎದ್ದು ನಿಂತವು. ಕಲ್ಲು ಮಾತ್ರ ಈಗಲೂ ಚೆನ್ನಾಗಿದೆ. ನಾಲ್ಕೈದು ವರ್ಷ ಕಾದವರಿಗೆ, ಗಿಡವನ್ನು ಅಗಲ ತಟ್ಟೆಗೆ ಬದಲಿಸಿ ಕೊಂಬೆಗಳನ್ನು ಸವರುವ ಹಂತ ಬರುತ್ತದೆ. ಕೊಯ್ದಲ್ಲಿ ಹಾಲು ಸುರಿದರೆ ಗಾಬರಿ ಬೇಡ, ತಣ್ಣೀರು ಚಿಮುಕಿಸಿದರೆ ನಿಲ್ಲುತ್ತದೆ.

ಮರವನ್ನು ಹೀಗೆ ಕುಗ್ಗಿಸುವುದು ಹಿಂಸೆಯಲ್ಲವೆ ಎಂಬ ಪ್ರಶ್ನೆ ಬೋನ್ಸಾಯ್ ಇರುವ ಮನೆಯಲ್ಲೆಲ್ಲ ಕೇಳಿಬರುತ್ತದೆ. ಅರಳಿಯ ವಿಷಯದಲ್ಲಂತೂ ಪ್ರಶ್ನೆ ಇನ್ನೂ ತೀಕ್ಷ್ಣ. ನಾವು ಕಟ್ಟೆ ಕಟ್ಟಿ, ನಾಗರಕಲ್ಲು ಇಟ್ಟು, ಬೇವಿನ ಜೊತೆ ಮದುವೆ ಮಾಡಿಸಿ, ಉಪನಯನವನ್ನೂ ಮಾಡಿಸಿದ ಮರ ಅದು. ನನ್ನ ಉತ್ತರ ಇಷ್ಟೆ. ನೀರು ಗೊಬ್ಬರ ಕಾಣುತ್ತ ಕುಂಡದಲ್ಲಿರುವ ಗಿಡಕ್ಕಿಂತ ಬೆಟ್ಟದ ಮೇಲಿನ ಕಲ್ಲರಳಿ ಹೆಚ್ಚು ಕಷ್ಟಪಟ್ಟಿದೆ. ಅದನ್ನು ಕುಬ್ಜ ಮಾಡಿದ್ದು ಯಾರೂ ಅಲ್ಲ. ನೀರು ಹಾಕಲು ಮರೆಯುವವನು ಮಾತ್ರ ಹಿಂಸೆ ಮಾಡುತ್ತಾನೆ.

ಆದರೆ ಹಿಂಸೆಯ ಪ್ರಶ್ನೆ ನಿಜವಾಗಿ ಏಳುವುದು ಬೇರೆ ಕಡೆ. ಬಂಡೆಯ ಮೇಲೆ ಚೆಲುವಾಗಿರುವ ಇದೇ ಬೇರು ಕೋಟೆಗೋಡೆಯ ಮೇಲೆ ಶತ್ರು. ಇಡೀ ಬಂಡೆಯನ್ನು ಬೇರು ಒಡೆಯಲಾರದು, ಇರುವ ಬಿರುಕನ್ನಷ್ಟೇ ಹಿಗ್ಗಿಸಬಲ್ಲದು. ಕಟ್ಟಿದ ಗೋಡೆ ಹಾಗಲ್ಲ. ಹೊರಗೆ ಎರಡು ಮುಖ ಕಲ್ಲು, ಒಳಗೆ ಮಣ್ಣು ಜಲ್ಲಿ. ಅತ್ತಿ ಕುಲಕ್ಕೆ ಇದಕ್ಕಿಂತ ಒಳ್ಳೆಯ ಕುಂಡ ಬೇಕೆ? ನೂರಾರು ವರ್ಷ ಹಳೆಯದಾದ ಮಧುಗಿರಿ, ಮಿಡಿಗೇಶಿ, ಪಾವಗಡ, ಚನ್ನರಾಯನದುರ್ಗದಂಥ ಕೋಟೆಗಳಿಗೆ ಈಗ ಮುತ್ತಿಗೆ ಹಾಕುವ ಸೈನ್ಯವಿಲ್ಲ, ಹಕ್ಕಿ ಉದುರಿಸಿದ ಬೀಜವಿದೆ. ಅರಳಿಯನ್ನು ಕಡಿಯಲು ಯಾರಿಗೂ ಕೈಬಾರದು. ಧೈರ್ಯ ಮಾಡಿದವರು ಮೇಲಿನಿಂದ ಕಡಿದು ಹೋಗುತ್ತಾರೆ. ಒಳಗಿನ ಬೇರು ಮುಂದಿನ ಮಳೆಗೆ ನಾಲ್ಕು ಕವಲಾಗಿ ಚಿಗುರುತ್ತದೆ. ಬಲಿತ ಮೇಲೆ ಕೀಳಹೋದರೆ ಗೋಡೆಯೇ ಬರುತ್ತದೆ. ಕಾಂಬೋಡಿಯದ ತಾ ಪ್ರೋಮ್ ದೇಗುಲದಲ್ಲಿ ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ದುರಸ್ತಿಗೆ ಕೈಹಾಕಿದಾಗ ಎದುರಾದದ್ದು ಇದೇ ಇಕ್ಕಟ್ಟು. ಎಷ್ಟೋ ಕಡೆ ಮರವೂ ಗೋಡೆಯೂ ಒಂದನ್ನೊಂದು ಹಿಡಿದು ನಿಂತಿದ್ದವು. ಮರ ತೆಗೆಯುವ ಬದಲು ಎರಡಕ್ಕೂ ಆಸರೆ ಕೊಡಬೇಕಾಯಿತು.

ಹಾಗಾಗಿ ಸಸಿ ಬೆರಳುದ್ದ ಇರುವಾಗಲೇ ತೆಗೆಯುವುದು ಎಲ್ಲರಿಗೂ ಕ್ಷೇಮ. ರಕ್ಷಿತ ಸ್ಮಾರಕದ ಮೇಲೆ ನಾವೇ ಕೈಹಾಕುವಂತಿಲ್ಲ, ಇಲಾಖೆಗೆ ತಿಳಿಸಬೇಕು. ಬೆಟ್ಟದ ಮೇಲಿನ ಕಲ್ಲರಳಿಯನ್ನು ಕಿತ್ತು ತರುವುದಂತೂ ಕೂಡದು. ಆದರೆ ಸ್ವಂತ ಮನೆಯ ತಾರಸಿ, ಬಾವಿಕಟ್ಟೆ, ನೀರಿನ ತೊಟ್ಟಿಯ ಬಿರುಕಿನಲ್ಲಿ ಹುಟ್ಟಿದ್ದಕ್ಕೆ ಯಾರ ಅಪ್ಪಣೆಯೂ ಬೇಡ. ಮಳೆ ಬಿದ್ದು ಗಾರೆ ನೆನೆದ ಮಾರನೆ ದಿನ ಸುತ್ತಲಿನ ಗಾರೆಯನ್ನು ಉಳಿಯಿಂದ ಮೆಲ್ಲಗೆ ಬಿಡಿಸಿದರೆ ಬೇರು ಉದ್ದಕ್ಕೆ ಸಿಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಿರುಕಿನೊಳಗೆ ಬೇರಿನ ಚೂರು ಉಳಿಯದಂತೆ ಕೆರೆದು, ಅದೇ ದಿನ ಗಾರೆ ತುಂಬಿ ಮುಚ್ಚಬೇಕು. ಸಸಿಯನ್ನು ಪೈಪಿನ ಮರಳಿಗೆ ಇಳಿಸಿ ಹದಿನೈದು ದಿನ ನೆರಳಿನಲ್ಲಿಟ್ಟರೆ ಹೊಸ ಎಲೆ ಕೆಂಪಗೆ ಕಾಣಿಸಿಕೊಳ್ಳುತ್ತದೆ. ಕಲ್ಲು ಹುಡುಕಲು ಇನ್ನೊಂದು ವರ್ಷ ಸಮಯವಿದೆ.