ಗಡಿ ದಾಟಿದ ಡಿಕ್ರಿ

ಹತ್ತಿಕುಣಿಯ ಒಬ್ಬ ಹತ್ತಿ ವ್ಯಾಪಾರಿ ೧೯೪೫ರ ಸುಮಾರಿಗೆ ಸೊಲ್ಲಾಪುರದ ಅಡತಿಯವನಿಂದ ಸಾವಿರ ರೂಪಾಯಿ ಮುಂಗಡ ತಂದನೆಂದು ಇಟ್ಟುಕೊಳ್ಳೋಣ. ಆ ವರ್ಷ ಮಳೆ ಕೈಕೊಟ್ಟಿತು. ಮಾಲೂ ಹೋಗಲಿಲ್ಲ, ಹಣವೂ ಹಿಂದಿರುಗಲಿಲ್ಲ. ಅಡತಿಯವನು ಸೊಲ್ಲಾಪುರದ ಕೋರ್ಟಿನಲ್ಲಿ ದಾವೆ ಹೂಡಿದ. ಸಮನ್ಸು ಬಂದರೂ ನಮ್ಮ ವ್ಯಾಪಾರಿ ಊರು ಬಿಟ್ಟು ಕದಲಲಿಲ್ಲ. ಅವನ ಗೈರುಹಾಜರಿಯಲ್ಲಿಯೇ ಡಿಕ್ರಿ ಆಯಿತು. ಅಡತಿಯವನು ಆ ಡಿಕ್ರಿಯ ನಕಲನ್ನು ಜೇಬಿನಲ್ಲಿಟ್ಟು, ಮದರಾಸಿನ ಕಡೆಯ ರೈಲು ಹತ್ತಿ ಯಾದಗಿರಿಯಲ್ಲಿಳಿದು, ಹತ್ತಿಕುಣಿಯ ಆ ವ್ಯಾಪಾರಿಯ ಮನೆ, ಎತ್ತು, ಗಾಡಿಗಳ ಮೇಲೆ ಜಪ್ತಿ ತರಬಹುದಾಗಿತ್ತೇ?

ಬರಿಯ ಆ ಡಿಕ್ರಿಯ ಬಲದಿಂದ ತರುವಂತಿರಲಿಲ್ಲ. ಆಗ ಸೊಲ್ಲಾಪುರ ಬ್ರಿಟಿಷ್ ಇಂಡಿಯ. ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಸೀಮೆ. ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ ರೂಪಾಯಿ. ಗಡಿಯಲ್ಲಿ ಕರೋಡಗಿರಿಯ ನಾಕೆ. ಇಲ್ಲಿನ ಅದಾಲತ್ತಿನ ಭಾಷೆ ಉರ್ದು. ರೈಲಿಗೆ ಒಂದು ಹಗಲಿನ ಹಾದಿಯೂ ಅಲ್ಲದ ಸೊಲ್ಲಾಪುರದ ನ್ಯಾಯಾಧೀಶ ನಮ್ಮವರ ಪಾಲಿಗೆ ಪರದೇಶದ ನ್ಯಾಯಾಧೀಶನೇ ಆಗಿದ್ದ.

ನ್ಯಾಯಾಸ್ಥಾನದ ಆಜ್ಞೆ ಅದನ್ನು ಸ್ಥಾಪಿಸಿದ ಸರಕಾರದ ಎಲ್ಲೆಯವರೆಗೆ ಮಾತ್ರ ತನ್ನ ಬಲದಿಂದ ನಡೆಯುತ್ತದೆ. ಎಲ್ಲೆಯಾಚೆಗೆ ಅದು ಆಜ್ಞೆಯಲ್ಲ, ಒಂದು ಸಾಕ್ಷ್ಯ. ಅದನ್ನು ಒಪ್ಪುವುದು ಬಿಡುವುದು ಆಚೆಯ ನ್ಯಾಯಾಸ್ಥಾನಕ್ಕೆ ಸೇರಿದ್ದು. ಈ ವಿಷಯದಲ್ಲಿ ನಮ್ಮ ವಕೀಲರೆಲ್ಲರೂ ಓದಿಕೊಳ್ಳುವ ಮೊಕದ್ದಮೆ ಪಂಜಾಬಿನ ಫರೀದ್‌ಕೋಟ್ ಸಂಸ್ಥಾನದ್ದು. ಅಲ್ಲಿಯ ರಾಜರು, ಕೆಲಸ ಬಿಟ್ಟು ಸಂಸ್ಥಾನದಿಂದಲೇ ಹೊರಟುಹೋಗಿದ್ದ ತಮ್ಮ ಹಿಂದಿನ ಖಜಾಂಚಿಯ ಮೇಲೆ ತಮ್ಮದೇ ಕೋರ್ಟಿನಲ್ಲಿ ಅವನಿಲ್ಲದೆಯೇ ಡಿಕ್ರಿ ಪಡೆದರು. ಬಳಿಕ ಅದರ ಆಧಾರದ ಮೇಲೆ ಬ್ರಿಟಿಷ್ ಇಂಡಿಯದಲ್ಲಿ ಹಣ ಕೇಳಿದರು. ಲಂಡನ್ನಿನ ಪ್ರಿವಿ ಕೌನ್ಸಿಲು ೧೮೯೪ರಲ್ಲಿ ಆ ಡಿಕ್ರಿಗೆ ಸಂಸ್ಥಾನದ ಹೊರಗೆ ಯಾವ ಬೆಲೆಯೂ ಇಲ್ಲವೆಂದಿತು. ಪ್ರತಿವಾದಿ ಆ ಸೀಮೆಯಲ್ಲಿ ವಾಸವಾಗಿರಬೇಕು. ಇಲ್ಲವೇ ತಾನಾಗಿ ಆ ಕೋರ್ಟಿನ ಅಧಿಕಾರಕ್ಕೆ ಒಪ್ಪಿರಬೇಕು. ಎರಡೂ ಇಲ್ಲದಿದ್ದರೆ ಹಣದ ದಾವೆಯಲ್ಲಿ ಅವನನ್ನು ಕಟ್ಟಿಹಾಕಲಾಗದು.

೧೯೦೮ರ ಸಿವಿಲ್ ಪ್ರೊಸೀಜರ್ ಕೋಡಿನ ೧೩ನೆಯ ಕಲಮಿನಲ್ಲಿ ಇದು ಅಚ್ಚುಕಟ್ಟಾಗಿ ಸೇರಿದೆ. ಪರದೇಶದ ತೀರ್ಪು ನಮ್ಮಲ್ಲಿ ಕೊನೆಯ ಮಾತೇ, ಆದರೆ ಆರು ದೋಷಗಳಲ್ಲಿ ಒಂದೂ ಇರಬಾರದು ಎಂದು ಆ ಕಲಮು ಹೇಳುತ್ತದೆ. ಮೋಸದಿಂದ ಪಡೆದದ್ದು, ನಮ್ಮ ಕಾಯಿದೆಯನ್ನು ಮುರಿದು ಹುಟ್ಟಿದ ಹಕ್ಕಿನದ್ದು, ಅನ್ವಯಿಸಬೇಕಾದ ಕಡೆ ನಮ್ಮ ಕಾಯಿದೆಯನ್ನು ಒಪ್ಪದೆ ಕೊಟ್ಟದ್ದು ಇವೆಲ್ಲ ಅದರೊಳಗೆ ಬರುತ್ತವೆ. ಹೆಚ್ಚಾಗಿ ಚರ್ಚೆಗೆ ಬರುವುವು ಬೇರೆ ಮೂರು: ಆ ಕೋರ್ಟಿಗೆ ಅಧಿಕಾರವಿತ್ತೇ, ಎದುರಾಳಿಗೆ ಮಾತಾಡಲು ಅವಕಾಶ ಸಿಕ್ಕಿತ್ತೇ, ವ್ಯಾಜ್ಯದ ತಿರುಳನ್ನು ನೋಡಿ ತೀರ್ಪು ಬಂದಿತೇ? ಪ್ರತಿವಾದಿ ಬರಲಿಲ್ಲವೆಂಬ ಒಂದೇ ಕಾರಣಕ್ಕೆ, ಸಾಕ್ಷ್ಯ ನೋಡದೆ ಮೊಹರು ಒತ್ತಿದ ಡಿಕ್ರಿಯನ್ನು ತಿರುಳು ನೋಡಿದ ತೀರ್ಪೆನ್ನಲಾಗದು. ಇಂಗ್ಲೆಂಡಿನ ಕೋರ್ಟೊಂದರ ಅಂಥ ಡಿಕ್ರಿಯನ್ನು ನಮ್ಮ ಸುಪ್ರೀಂ ಕೋರ್ಟು ೨೦೦೧ರಲ್ಲಿ ತಳ್ಳಿಹಾಕಿತು.

ಇದೆಲ್ಲ ಇಂಗ್ಲೆಂಡು ಅಮೆರಿಕಗಳ ಮಾತೆಂದು ತಿಳಿಯಬೇಡಿ. ಈ ಕಲಮಿನ ಮೇಲಿನ ಪ್ರಸಿದ್ಧ ತೀರ್ಪುಗಳಲ್ಲೊಂದು ಬೆಂಗಳೂರಿನ ಮನೆಯೊಂದರ ಜಗಳದಿಂದ ಹುಟ್ಟಿದ್ದು. ಅಲ್ಲಿನ ದೊಡ್ಡ ಕಂತ್ರಾಟುದಾರರೊಬ್ಬರು ಉಯಿಲು ಬರೆದಿಟ್ಟು ೧೯೪೨ರ ಡಿಸೆಂಬರಿನಲ್ಲಿ ತೀರಿಕೊಂಡರು. ಆಸ್ತಿ ಮೈಸೂರು ಸಂಸ್ಥಾನದಲ್ಲೂ ಇತ್ತು, ಮದರಾಸು ಪ್ರಾಂತದಲ್ಲೂ ಇತ್ತು. ಅದು ಅವಿಭಕ್ತ ಕುಟುಂಬದ ಆಸ್ತಿ, ತಂದೆಯ ಉಯಿಲು ನಡೆಯದು ಎಂದು ಮಕ್ಕಳು ಎರಡು ಕಡೆಯೂ ದಾವೆ ಹೂಡಿದರು. ಬೆಂಗಳೂರಿನ ಕೆಳಗಿನ ಕೋರ್ಟಿನಲ್ಲಿ ಮಕ್ಕಳು ಗೆದ್ದರು. ಮೈಸೂರು ಹೈಕೋರ್ಟಿನಲ್ಲಿ ಸೋತರು. ಮದರಾಸಿಗೆ ಮೈಸೂರು ಆಗ ಪರದೇಶ! ಮೈಸೂರಿನ ತೀರ್ಪು ಮದರಾಸಿನ ಆಸ್ತಿಯನ್ನೂ ಕಟ್ಟುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ನ್ಯಾಯಾಧೀಶರು ಪಕ್ಷಪಾತದಿಂದ ನಡೆದುಕೊಂಡರೆಂಬ ಭಾರಿ ಆಪಾದನೆಯನ್ನೂ ಮಕ್ಕಳು ಹೊರಿಸಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಗಿಯುವ ವೇಳೆಗೆ ೧೯೬೨ನೆಯ ಇಸವಿ. ಆ ಹಳೆಯ ಸಂಸ್ಥಾನವೂ ಉಳಿದಿರಲಿಲ್ಲ, ಆ ಪ್ರಾಂತವೂ ಉಳಿದಿರಲಿಲ್ಲ. ಪರದೇಶದ ಕೋರ್ಟು ನಡೆದುಕೊಂಡ ರೀತಿ ನ್ಯಾಯವಾಗಿತ್ತೇ ಎಂದು ನೋಡಬಹುದು, ಅದು ಮುಟ್ಟಿದ ನಿರ್ಣಯ ಸರಿಯೇ ತಪ್ಪೇ ಎಂದು ಮತ್ತೆ ತೂಗುವಂತಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು. ಪಕ್ಷಪಾತದ ಆಪಾದನೆ ನಿಲ್ಲಲಿಲ್ಲ. ಮದರಾಸಿನಲ್ಲಿದ್ದ ಚರಾಸ್ತಿಗೆ ಮೈಸೂರಿನ ತೀರ್ಪು ಅಂಟಿತು. ಅಲ್ಲಿನ ಸ್ಥಿರಾಸ್ತಿಗೆ ಅಂಟಲಿಲ್ಲ. ನೆಲದ ಹಕ್ಕನ್ನು ಆ ನೆಲದ ಕೋರ್ಟೇ ತೀರ್ಮಾನಿಸಬೇಕು.

ಅಂದ ಹಾಗೆ, ೧೯೪೭ರವರೆಗೆ ಬೆಂಗಳೂರಿನ ದಂಡುಪ್ರದೇಶವೂ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಪೇಟೆಯಿಂದ ದಂಡಿಗೆ ನಡೆದುಹೋದವನು ಒಂದು ಕೋರ್ಟಿನ ಕೈಯಿಂದ ಇನ್ನೊಂದರ ಕೈಗೆ ಹೋಗುತ್ತಿದ್ದ.

ನಮ್ಮ ವ್ಯಾಪಾರಿಯ ಗತಿ ಏನಾಯಿತು? ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ೧೯೫೧ರ ಏಪ್ರಿಲ್ ೧ರಿಂದ ಸಿವಿಲ್ ಪ್ರೊಸೀಜರ್ ಕೋಡು ಹೈದರಾಬಾದಿಗೂ ಬಂದಿತು. ಆಗ ಸೊಲ್ಲಾಪುರ, ಯಾದಗಿರಿ ಎರಡೂ ಒಂದೇ ಕಾಯಿದೆಯ ಕೆಳಗಾದವು. ಆದರೆ ಗಡಿ ಅಳಿಸಿದ ಮಾತ್ರಕ್ಕೆ ಹಳೆಯ ಡಿಕ್ರಿಗಳೆಲ್ಲ ಒಂದೇ ಸಮನಾಗಲಿಲ್ಲ. ಗ್ವಾಲಿಯರಿನ ಕೋರ್ಟು ೧೯೪೮ರಲ್ಲಿ ಕೊಟ್ಟ ಗೈರುಹಾಜರಿ ಡಿಕ್ರಿಯೊಂದು ಅಲಹಾಬಾದಿಗೆ ಅಮಲ್ಜಾರಿಗಾಗಿ ಹೋಗಿತ್ತು. ಕೊಟ್ಟ ದಿನ ಅದು ಪರದೇಶದ ಡಿಕ್ರಿ, ಈಗಲೂ ಅದೇ ಎಂದು ಸುಪ್ರೀಂ ಕೋರ್ಟು ೧೯೬೨ರಲ್ಲಿ ಹೇಳಿತು. ತಿರುಗಿ, ಗೋವಾ ನಮ್ಮ ದೇಶಕ್ಕೆ ಸೇರುವ ಮುನ್ನ ಮುಂಬಯಿಯಲ್ಲಾದ ಡಿಕ್ರಿಯನ್ನು ಅನಂತರ ಗೋವಾದಲ್ಲಿ ಅಮಲು ಮಾಡಬಹುದೆಂದು ೧೯೭೬ರಲ್ಲಿ ತೀರ್ಮಾನವಾಯಿತು. ಮುಂಬಯಿಯ ಡಿಕ್ರಿ ತನ್ನ ನೆಲದಲ್ಲಿ ಮೊದಲಿನಿಂದಲೂ ಊರ್ಜಿತವೇ. ಈಗ ಆ ನೆಲ ಹಿಗ್ಗಿತು, ಅಷ್ಟೇ. ಈ ತರ್ಕವನ್ನು ನಮ್ಮ ಕಡೆಗೆ ತಂದರೆ, ಗಡಿಯಾಚೆ ನಿಶ್ಚಿಂತೆಯಿಂದ ಕುಳಿತಿದ್ದ ಹತ್ತಿಕುಣಿಯ ವ್ಯಾಪಾರಿಗೆ, ವಾಯಿದೆ ಮೀರಿರದಿದ್ದರೆ, ೧೯೫೧ರ ಬಳಿಕ ಆ ಹಳೆಯ ಸೊಲ್ಲಾಪುರದ ಡಿಕ್ರಿಯೇ ಬಾಗಿಲು ತಟ್ಟಬಹುದಾಗಿತ್ತು. ನ್ಯಾಯವಾದಿಗಳಿಗೆ ಇದು ಸೊಗಸಾದ ವಾದ. ಅವನ ಹೆಂಡತಿ ಮಕ್ಕಳಿಗೆ ಹೇಗೆ ಕಂಡೀತೆಂಬುದು ಬೇರೆ ಮಾತು.

ಈಗ ಗಡಿ ದೂರ ಸರಿದಿದೆ. ಹುಡುಗರು ದುಬೈಗೆ ದುಡಿಯಲು ಹೋಗುತ್ತಾರೆ, ಹೆಣ್ಣುಮಕ್ಕಳನ್ನು ಅಮೆರಿಕದ ವರನಿಗೆ ಕೊಡುತ್ತೇವೆ. ಕೋಡಿನ ೪೪-ಎ ಕಲಮಿನಲ್ಲಿ ಕೇಂದ್ರ ಸರಕಾರ ಕೆಲವು ದೇಶಗಳನ್ನು ಪರಸ್ಪರ ಒಪ್ಪಂದದ ದೇಶಗಳೆಂದು ಪ್ರಕಟಿಸುತ್ತದೆ. ಅಲ್ಲಿನ ಮೇಲ್ಮಟ್ಟದ ಕೋರ್ಟಿನ ಹಣದ ಡಿಕ್ರಿಯನ್ನು ನೇರವಾಗಿ ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಅಮಲ್ಜಾರಿಗೆ ಹಾಕಬಹುದು. ತೆರಿಗೆ, ದಂಡಗಳ ಬಾಕಿಗೆ ಈ ಸೌಕರ್ಯವಿಲ್ಲ. ಇಂಗ್ಲೆಂಡು, ಸಿಂಗಪುರ, ಮಲೇಶಿಯಗಳು ಈ ಪಟ್ಟಿಯಲ್ಲಿವೆ. ೨೦೨೦ರ ಜನವರಿ ೧೭ರಂದು ದುಬೈ, ಅಬುಧಾಬಿಗಳಿರುವ ಸಂಯುಕ್ತ ಅರಬ್ ಸಂಸ್ಥಾನವೂ ಸೇರಿತು. ಅಲ್ಲಿಯ ಬ್ಯಾಂಕಿನಲ್ಲಿ ಸಾಲ ಮಾಡಿ ಊರಿಗೆ ಬಂದುಬಿಟ್ಟರೆ ಮುಗಿಯಿತೆಂದು ಇನ್ನೂ ನಂಬಿದವರಿದ್ದರೆ ಅವರಿಗೆ ಈ ತಾರೀಖು ಗೊತ್ತಿರಬೇಕು. ಮೇಲೆ ಹೇಳಿದ ಆರು ದೋಷಗಳನ್ನು ಎತ್ತುವ ಹಕ್ಕು ಮಾತ್ರ ಅವರಿಗೂ ಉಂಟು. ಅಮೆರಿಕವೂ ಸೌದಿ ಅರೇಬಿಯವೂ ಪಟ್ಟಿಯಲ್ಲಿಲ್ಲ. ಅಲ್ಲಿಯ ತೀರ್ಪು ಹಿಡಿದು ಬಂದವನು ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆಯನ್ನೇ ಹೂಡಬೇಕು.

ಮದುವೆಯ ಮಾತು ಹಣದ ಮಾತಿಗಿಂತ ಸೂಕ್ಷ್ಮ. ತಿರುಪತಿಯಲ್ಲಿ ೧೯೭೫ರಲ್ಲಿ ಹಿಂದೂ ವಿಧಿಯಂತೆ ಮದುವೆಯಾದ ಗಂಡನೊಬ್ಬ ಅಮೆರಿಕದ ಮಿಸ್ಸೂರಿ ರಾಜ್ಯದ ಕೋರ್ಟಿನಲ್ಲಿ ವಿಚ್ಛೇದನ ಪಡೆದು ಇನ್ನೊಂದು ಮದುವೆಯಾದ. ಆ ವಿಚ್ಛೇದನವನ್ನು ಸುಪ್ರೀಂ ಕೋರ್ಟು ೧೯೯೧ರಲ್ಲಿ ಒಪ್ಪಲಿಲ್ಲ. ಯಾವ ಕಾಯಿದೆಯಂತೆ ಮದುವೆಯಾಯಿತೋ ಆ ಕಾಯಿದೆ ಒಪ್ಪುವ ಕೋರ್ಟು ಮತ್ತು ಕಾರಣಗಳಿಂದಲೇ ಅದು ಮುರಿಯಬೇಕು. ಇಲ್ಲವೇ ಹೆಂಡತಿ ತಾನಾಗಿ ಆ ಕೋರ್ಟಿಗೆ ಒಪ್ಪಿ ವಾದಿಸಿರಬೇಕು ಎಂಬುದು ಸ್ಥೂಲವಾಗಿ ಅಲ್ಲಿನ ನಿಯಮ. ಹೆಂಡತಿಗೆ ನೋಟೀಸು ಮುಟ್ಟಿಸಿದರೆ ಸಾಲದು. ಅಷ್ಟು ದೂರ ಹೋಗಿ ಹೋರಾಡಲು ಅವಳಿಗೆ ನಿಜವಾದ ಅನುಕೂಲವಿತ್ತೇ ಎಂಬುದನ್ನೂ ನೋಡಬೇಕು.

ಆದ್ದರಿಂದ ಮಗಳ ಹೆಸರಿಗೆ ಪರದೇಶದ ಕೋರ್ಟಿನ ಲಕೋಟೆ ಬಂದರೆ ಅದನ್ನು ದೇವರ ಗೂಡಿನಲ್ಲಿಟ್ಟು ಸುಮ್ಮನಾಗಬೇಡಿ. ಗಾಬರಿಯಿಂದ ಸಹಿ ಹಾಕಿ ಹಿಂದಿರುಗಿಸಲೂ ಬೇಡಿ. ಆ ಕೋರ್ಟಿನ ಮುಂದೆ ಹಾಜರಾಗಿ ವ್ಯಾಜ್ಯದ ತಿರುಳನ್ನೇ ವಾದಿಸಿದರೆ ಅದರ ಅಧಿಕಾರಕ್ಕೆ ಒಪ್ಪಿದಂತಾಗುತ್ತದೆ. ನಿಮಗೆ ಅಧಿಕಾರವಿಲ್ಲವೆಂದಷ್ಟೇ ತಿಳಿಸಿದರೆ ಹಾಗಾಗದು. ಲಕೋಟೆ ಬಂದ ತಾರೀಖು ಬರೆದಿಡಿ. ಅತ್ತಣಿಂದ ತೀರ್ಪು ತಂದವರಿಗೂ ಒಂದು ಮಾತು: ಮಾಮೂಲಿ ನೆರಳಚ್ಚು ಪ್ರತಿ ನಡೆಯದು, ಆ ಕೋರ್ಟು ದೃಢೀಕರಿಸಿದ ನಕಲೇ ಬೇಕು. ಪಟ್ಟಿಯಲ್ಲಿರುವ ದೇಶದ ಹಣದ ಡಿಕ್ರಿಯಾದರೆ, ಈವರೆಗೆ ಎಷ್ಟು ವಸೂಲಾಗಿದೆ ಎಂಬ ಅಲ್ಲಿನ ಪ್ರಮಾಣಪತ್ರವನ್ನೂ ಜೊತೆಗಿಡಬೇಕು. ಹತ್ತಿಕುಣಿಯವರು ಇವನ್ನು ಹಿಡಿದು ಕಲಬುರಗಿಗೆ ಅಲೆಯಬೇಕಾಗಿಲ್ಲ. ಜಿಲ್ಲಾ ನ್ಯಾಯಾಲಯ ಈಗ ಯಾದಗಿರಿಯಲ್ಲೇ ಇದೆ.