‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಚಿತ್ರರೂಪಗಳು: ಮೂಲನಿಷ್ಠೆಯ ವಿಚಾರ

ಪ್ರಖ್ಯಾತವಾದ ಕಾದಂಬರಿಯೊಂದು ತೆರೆಯ ಮೇಲೆ ಬಂದಾಗ, ಅದು ಮೂಲವನ್ನು ಎಷ್ಟರಮಟ್ಟಿಗೆ ಅನುಸರಿಸಿದೆಯೆಂಬ ಪ್ರಶ್ನೆ ಸಹಜವಾಗಿಯೇ ಏಳುವುದು. ಬಿಟ್ಟ ಪ್ರಸಂಗಗಳೆಷ್ಟು, ಸೇರಿಸಿದವೆಷ್ಟು ಎಂದು ಲೆಕ್ಕವಿಡುವುದು ಸುಲಭವಾದ ಮಾರ್ಗ. ಆದರೆ ಆ ಲೆಕ್ಕದಿಂದ ನಿರ್ಣಯವಾಗುವುದು ಇತಿವೃತ್ತದ ಸಾಮ್ಯವೇ ಹೊರತು ಕೃತಿಯ ಸಾಮ್ಯವಲ್ಲ. ಇತಿವೃತ್ತವನ್ನು ನಿರ್ವಹಿಸಿದ ಮಾತ್ರಕ್ಕೆ ಕವಿಯ ಕಾರ್ಯ ಮುಗಿಯದೆಂದೂ, ರಸಕ್ಕೆ ಅನುಗುಣವಲ್ಲದ ಕಥಾಂಶವನ್ನು ಅವನು ಮಾರ್ಪಡಿಸಬಹುದೆಂದೂ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಹೇಳಿರುವನು. ಈ ದೃಷ್ಟಿಯಿಂದ ಜೇನ್ ಆಸ್ಟೆನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನೂ ಅದರ ಮೂರು ಚಿತ್ರರೂಪಗಳನ್ನೂ ಪರಿಶೀಲಿಸಬಹುದು.

1813ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ 61 ಅಧ್ಯಾಯಗಳಿವೆ. ಕಥೆಯ ಕೀಲು ಇರುವುದು 35 ಮತ್ತು 36ನೆಯ ಅಧ್ಯಾಯಗಳಲ್ಲಿ. ಡಾರ್ಸಿಯ ವಿವಾಹಪ್ರಸ್ತಾಪವನ್ನು ತಿರಸ್ಕರಿಸಿದ ಎಲಿಜಬೆತ್ತಳಿಗೆ ಮರುದಿನ ಅವನ ದೀರ್ಘವಾದ ಕಾಗದವೊಂದು ಕೈಸೇರುತ್ತದೆ. ಡಾರ್ಸಿಯಿಂದ ತನಗೆ ಅನ್ಯಾಯವಾಯಿತೆಂದು ವಿಕ್ಯಾಮನು ಹಿಂದೆಯೇ ಅವಳೊಡನೆ ಹೇಳಿಕೊಂಡಿದ್ದನು. ಕಾಗದವು ಅದಕ್ಕೆ ವಿರುದ್ಧವಾದ ವೃತ್ತಾಂತವನ್ನು ತಿಳಿಸುತ್ತದೆ. ಬೇಕಾದರೆ ಕರ್ನಲ್ ಫಿಟ್ಸ್‌ವಿಲಿಯಮನನ್ನು ವಿಚಾರಿಸಬಹುದೆಂದು ಡಾರ್ಸಿ ಬರೆದಿದ್ದರೂ ಅವಳು ವಿಚಾರಿಸುವುದಿಲ್ಲ. ಕಾಗದವನ್ನು ಮರಳಿ ಮರಳಿ ಓದುತ್ತಾಳೆ. ಅಷ್ಟೇನೂ ಪರಿಚಯವಿಲ್ಲದ ತನ್ನೊಡನೆ ವಿಕ್ಯಾಮನು ಅಂತಹ ಸಂಗತಿಗಳನ್ನು ಆಡಿದುದರ ಅನೌಚಿತ್ಯವನ್ನು ಈಗ ಕಾಣುತ್ತಾಳೆ. ತನ್ನನ್ನು ತಾನೇ ಅರಿತಿರಲಿಲ್ಲವೆಂಬ ನಿರ್ಣಯಕ್ಕೆ ಬರುತ್ತಾಳೆ. ಅವಳೊಡನೆ ಮೋಸಹೋಗಿದ್ದ ಓದುಗನೂ ಅವಳೊಡನೆಯೇ ತನ್ನನ್ನು ತಿದ್ದಿಕೊಳ್ಳುವನು. ಕೃತಿಯ ಸಾರವು ಈ ಆತ್ಮಪರೀಕ್ಷೆಯಲ್ಲಿದೆ.

1940ರ ಹಾಲಿವುಡ್ ಚಿತ್ರವನ್ನು ರಾಬರ್ಟ್ ಲಿಯೊನಾರ್ಡರು ನಿರ್ದೇಶಿಸಿದರು. ಆಲ್ಡಸ್ ಹಕ್ಸ್‌ಲಿಯವರೂ ಜೇನ್ ಮರ್ಫಿನ್ನರೂ ಅದರ ಚಿತ್ರಕಥೆಯನ್ನು ಬರೆದರು. ಉಡುಪುಗಳು ಕಥಾಕಾಲಕ್ಕಿಂತ ಈಚಿನವು. ವಿವಾಹಕ್ಕೆ ವಿರೋಧಿಯಾದ ಲೇಡಿ ಕ್ಯಾಥರೀನಳು ಕೊನೆಗೆ ಅದಕ್ಕೆ ಸಹಾಯಕಳಾಗುತ್ತಾಳೆ. ಇವು ಎದ್ದುಕಾಣುವ ವ್ಯತ್ಯಾಸಗಳು. ಇವಕ್ಕಿಂತ ಗುರುತರವಾದುದೆಂದರೆ ಕಾಗದವೇ ಇಲ್ಲದಿರುವುದು. ಡಾರ್ಸಿಯೇ ಬಂದು ವಿಕ್ಯಾಮನ ವಿಷಯವನ್ನು ಬಾಯ್ದೆರೆಯಾಗಿ ಹೇಳುವನು. ಓದಿ, ತೂಗಿ, ಒಬ್ಬಳೇ ನಿರ್ಣಯಿಸಬೇಕಾಗಿದ್ದವಳು ಇಲ್ಲಿ ಕೇವಲ ಕೇಳುವವಳಾಗಿ ಉಳಿಯುವಳು.

1995ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಪ್ರಸಾರಮಾಡಿದ, ಆಂಡ್ರೂ ಡೇವಿಸರು ಬರೆದ ಆರು ಭಾಗಗಳ ದೂರದರ್ಶನರೂಪವು ಮೂಲದ ಪ್ರಸಂಗಗಳನ್ನೂ ಸಂಭಾಷಣೆಗಳನ್ನೂ ಬಹುಮಟ್ಟಿಗೆ ಉಳಿಸಿಕೊಂಡಿದೆ. ಡಾರ್ಸಿ ಕೊಳಕ್ಕೆ ಧುಮುಕುವ ದೃಶ್ಯ ಮೂಲದಲ್ಲಿಲ್ಲವೆಂಬುದು ಪ್ರಸಿದ್ಧವಾದ ಮಾತು. ಅದರಿಂದ ಕಥೆಯ ಮರ್ಮಕ್ಕೆ ಹಾನಿಯಿಲ್ಲ. ಹಾನಿ ತಟ್ಟಿರುವುದು ಹೆಚ್ಚು ನಿಷ್ಠೆಯಿಂದ ಉಳಿಸಿಕೊಂಡಂತೆ ತೋರುವ ಕಾಗದದಲ್ಲಿಯೇ. ಡಾರ್ಸಿ ಅದನ್ನು ಬರೆಯುತ್ತಿರುವಾಗಲೇ ವಿಕ್ಯಾಮನ ಹಿಂದಿನ ನಡತೆ ದೃಶ್ಯಗಳಾಗಿ ಕಾಣಿಸುತ್ತದೆ. ಎಲಿಜಬೆತ್ ಓದುವುದಕ್ಕೆ ಮೊದಲೇ ಪ್ರೇಕ್ಷಕನು ಸತ್ಯವನ್ನು ಕಂಡುಬಿಡುವನು. ಮೂಲದಲ್ಲಿ ಶಬ್ದವಾಗಿದ್ದುದು ಇಲ್ಲಿ ಪ್ರತ್ಯಕ್ಷವಾಯಿತು. ಕಣ್ಣಾರೆ ಕಂಡುದನ್ನು ಯಾರೂ ಸಂಶಯಿಸರು. ಆದಕಾರಣ ಅವಳ ವಿವೇಚನೆಯ ಕಷ್ಟದಲ್ಲಿ ಪ್ರೇಕ್ಷಕನಿಗೆ ಪಾಲಿಲ್ಲ.

ಜೋ ರೈಟರ 2005ರ ಚಿತ್ರವು ಸುಮಾರು ಎರಡು ಗಂಟೆಗಳದು. ಅದು ಅನೇಕ ಪ್ರಸಂಗಗಳನ್ನು ಕೈಬಿಟ್ಟಿದೆ, ಕಾಗದವನ್ನೂ ಬಹಳ ಸಂಕ್ಷೇಪಿಸಿದೆ. ಆದರೂ ಆ ಸಂದರ್ಭದಲ್ಲಿ ಎಲಿಜಬೆತ್ ಕನ್ನಡಿಯೆದುರು ನಿಶ್ಚಲಳಾಗಿ ನಿಂತಿರಲು ಸುತ್ತಣ ಬೆಳಕು ಮಾತ್ರ ಬದಲಾಗುತ್ತ ಹೋಗುವ ದೃಶ್ಯವೊಂದಿದೆ. ಅವಳ ತರ್ಕವು ಇಲ್ಲಿ ಲೋಪವಾಗಿದ್ದರೂ ತನ್ನನ್ನು ತಾನು ನೋಡಿಕೊಳ್ಳಬೇಕಾದ ಸ್ಥಿತಿಯು ಸೂಚಿತವಾಗಿದೆ.

ದೀರ್ಘವಾದ ಅನುಸರಣೆಯು ಮರ್ಮಸ್ಥಾನದಲ್ಲಿ ದೂರವಾಗಬಹುದು, ಸಂಕ್ಷೇಪವು ಹತ್ತಿರ ಬರಬಹುದು ಎಂಬುದು ಇದರಿಂದ ಸಿದ್ಧವಾಗುತ್ತದೆ. ಚಿತ್ರವನ್ನು ಮೊದಲು ಕಂಡು ಆಮೇಲೆ ಗ್ರಂಥಕ್ಕೆ ಬರುವ ವಿದ್ಯಾರ್ಥಿಗಳು ಇಂದು ಅನೇಕರು. ಅವರಿಗೆ ವ್ಯತ್ಯಾಸಗಳ ಪಟ್ಟಿಯನ್ನು ಬರೆಯಿಸುವುದರಿಂದ ಪ್ರಯೋಜನ ಅಲ್ಪ. ಆ ಎರಡು ಅಧ್ಯಾಯಗಳನ್ನು ಓದಿಸಿ, ಎಲಿಜಬೆತ್ ಯಾವ ಆಧಾರದ ಮೇಲೆ ತನ್ನ ಅಭಿಪ್ರಾಯವನ್ನು ಬದಲಿಸಿದಳೆಂದು ಕೇಳಿದರೆ, ಚಿತ್ರದಲ್ಲಿ ತಾವು ಕಂಡುದನ್ನು ಅವಳು ಕಂಡೇ ಇರಲಿಲ್ಲವೆಂಬುದು ಅವರಿಗೆ ತಾನಾಗಿ ಹೊಳೆಯುವುದು.